ಅಂಗೈಯಿಟ್ಟು ಆರಿಸಿದ ಸ್ಪೀಕರು

ನಾನು ಹುಟ್ಟಾ ಅಂಜುಬುರುಕಿ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ನಾಯಿಗೆ ಅಂಜುತ್ತೇನೆ, ಬಾವಿಗೆ ಅಂಜುತ್ತೇನೆ, ಗುಡುಗಿದರೆ ಕೌದಿಯೊಳಗೆ ಸೇರುತ್ತೇನೆ. ಮಾನ್ವಿಯ ತವರುಮನೆಯಲ್ಲಿ ನನ್ನ ಅಣ್ಣಂದಿರು ಓತಿಕ್ಯಾತ ಹಿಡಿದು ತಂದು ನನ್ನ ಉಡಿಯಲ್ಲಿ ಹಾಕಿ ನಗುತ್ತಿದ್ದರು. ಅಂಜುವವರ ಮೇಲೆ ಕಪ್ಪೆ ಒಗೆಯುವುದು ಲೋಕದ ರೂಢಿ. ಆದರೆ ನನ್ನ ಜೀವಮಾನದ ದೊಡ್ಡ ಅಂಜಿಕೆ ಬಂದದ್ದು ನಾಯಿಯಿಂದಲ್ಲ, ಬಾವಿಯಿಂದಲ್ಲ. ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರದ ಒಂದು ರೇಡಿಯೋ ಅಂಗಡಿಯಲ್ಲಿ, ಹಾಡು ಕೇಳುತ್ತ ನಿಂತಿದ್ದಾಗ ಬಂತು.

ಅದಕ್ಕೂ ಮೊದಲು ನನ್ನ ಗಂಡನ ವಿಷಯ ಹೇಳಬೇಕು. ನಾನು ಮದುವೆಯಾಗಿ ರಾಯಚೂರಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಅವರು ಆಗ ಹತ್ತಿ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬೇರೆ ಮಾಡುವ ಕಾರ್ಖಾನೆಯಲ್ಲಿ, ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮೀಸೆ ಮೂಡುವ ಮೊದಲೇ ಅಲ್ಲಿ ಸೇರಿದವರು. ಆ ಯಂತ್ರಗಳ ಸದ್ದು ಬೀದಿಯ ತನಕ ಬರುತ್ತಿತ್ತು. ನಮ್ಮ ಓಣಿಯ ಗಂಡಸರೆಲ್ಲ ಅಲ್ಲಿಯೇ ದುಡಿಯುವವರು, ಹಾಗಾಗಿ ಓಣಿಗೆ ಓಣಿಯೇ ಒದರಿ ಮಾತಾಡುತ್ತಿತ್ತು. ಪಿಸುಮಾತು ಎನ್ನುವುದು ನಮ್ಮಲ್ಲಿ ಇರಲೇ ಇಲ್ಲ. ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ನೀರು ಕೇಳಿದರೆ ಪಕ್ಕದ ಮನೆಯಾಕೆ ತಂಬಿಗೆ ಹಿಡಿದು ಬಂದುಬಿಡುತ್ತಿದ್ದಳು.

ಜಿನ್ನಿನ ಒಳಗೆ ಒದರಿದರೂ ಪ್ರಯೋಜನವಿಲ್ಲ. ಅಲ್ಲಿ ಮಾತು ಬಾಯಿಂದ ಕಿವಿಗೆ ಹೋಗುವುದಿಲ್ಲ, ತುಟಿಯಿಂದ ಕಣ್ಣಿಗೆ ಹೋಗುತ್ತದೆ. ಆಚೆ ತುದಿಯಲ್ಲಿ ನಿಂತವನು ತುಟಿ ಆಡಿಸಿದರೆ ಈಚೆ ತುದಿಯವನಿಗೆ ತಿಳಿಯುತ್ತಿತ್ತು. ನಮ್ಮ ಮನೆಯವರು ಅದರಲ್ಲಿ ಪಳಗಿದ ಆಸಾಮಿ. ಎದುರು ನಿಂತು ಮಾತಾಡಿದರೆ ಒಂದು ಅಕ್ಷರ ತಪ್ಪಿಸುತ್ತಿರಲಿಲ್ಲ, ಕಣ್ಣು ಕೀಳದೆ ಮುಖ ನೋಡುತ್ತಿದ್ದರು. ಗಂಡ ನನ್ನ ಮುಖ ಅಷ್ಟು ಹೊತ್ತು ನೋಡುತ್ತಾನಲ್ಲ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅಡಿಗೆಮನೆಯಿಂದ ಕರೆದರೆ ಮಾತ್ರ ಓಗೊಡುತ್ತಿರಲಿಲ್ಲ. "ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು ನೋಡ್ರಿ ನನ್ನ ಬಾಳೇವು" ಎಂದು ನಾನು ಗೊಣಗುವುದು, ಅದಕ್ಕೂ ಉತ್ತರವಿಲ್ಲದಿರುವುದು. ಹೆಂಡತಿ ಕರೆದರೆ ಓಗೊಡದ ಗಂಡಸು ಯಾವ ಮನೆಯಲ್ಲಿ ಇಲ್ಲ? ನಾನು ಅದನ್ನು ಗಂಡಸಿನ ಜಾತಿಗುಣ ಎಂದೇ ತಿಳಿದಿದ್ದೆ.

ಮುಂದೆ ಜಿನ್ನಿನ ಕೆಲಸ ಬಿಟ್ಟು ಅವರು ಒಂದು ಹಳೆಯ ಕಾರು ಕೊಂಡರು. ದಪ್ಪ ಮೈಯ, ಒಂದೇ ಉದ್ದ ಸೀಟು ಮುಂದೆ, ಒಂದೇ ಉದ್ದ ಸೀಟು ಹಿಂದೆ ಇರುವ ಕಾರು. ಬೆಳಿಗ್ಗೆ ರಾಯಚೂರಿನಿಂದ ದೇವದುರ್ಗ, ಮಧ್ಯಾಹ್ನ ಮಾನ್ವಿ, ಹೀಗೆ ಸೀಟಿಗಿಷ್ಟು ಎಂದು ಮಂದಿಯನ್ನು ತುಂಬಿಕೊಂಡು ಹೊಡೆಯುತ್ತಿದ್ದರು. ತುಂಬುವುದು ಅಂದರೆ ತುಂಬುವುದೇ. ಡ್ರೈವರ್ ಅರ್ಧ ಮೈ ಬಾಗಿಲಿಗೆ ಒತ್ತಿಕೊಂಡು ಕೂಡಬೇಕು. ಇಳಿಯುವವರು ಯಾರೂ ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಊರು ಬಂತೆಂದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿನ ತಗಡಿಗೆ ದಬದಬ ಬಡಿಯುವುದು, ಗಾಡಿ ನಿಲ್ಲುವುದು. ಎಮ್ಮೆಯ ಬೆನ್ನಿಗೆ ಚಪ್ಪರಿಸಿದ ಹಾಗೆ.

ಆ ಹೊತ್ತಿಗೆ ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರದ ಕೆಲಸ ಭರಾಟೆಯಿಂದ ನಡೆದಿತ್ತು. ಅಲ್ಲಿನ ಎಂಜಿನಿಯರುಗಳ ಕಾರುಗಳಲ್ಲಿ ಕ್ಯಾಸೆಟ್ ಹಾಡು ಬಂದವು. ಅದನ್ನು ನೋಡಿ ನಮ್ಮ ಬಾಡಿಗೆ ಗಾಡಿಗಳವರೂ ಹಾಡಿನ ಡಬ್ಬಿ ಹಾಕಿಸತೊಡಗಿದರು. ಹಾಡು ಇದ್ದ ಗಾಡಿಗೆ ಮಂದಿ ಮೊದಲು ಹತ್ತುತ್ತಿತ್ತು. ನಮ್ಮವರಿಗೂ ಹುಚ್ಚು ಹಿಡಿಯಿತು.

"ಎಲ್ಲಾರ ಗಾಡ್ಯಾಗೂ ಚಿಂವ್ ಚಿಂವ್ ಅನ್ನೋ ಹಾಡು ಅದಾವ. ನನಗ ಅಂಥವು ಬ್ಯಾಡ" ಎಂದರು. "ದಿನಾ ಗಾಡ್ಯಾಗ ಕೂಡಾಂವ ನಾನು. ದಿನಾ ಕೇಳಾಕ ಅಂದ್ರ ಎದಿಗೆ ಬಡಿಯೋದು ಬೇಕು."

ಅವರು ಹಾಡಿನ ಮನುಷ್ಯ ಅಲ್ಲವೇ ಅಲ್ಲ. ಭಜನೆಗೆ ಕರೆದರೆ ತಲೆನೋವೆಂದು ಮಲಗುವವರು. ಇವರಿಗೆ ಯಾವಾಗಿನಿಂದ ಈ ರಸಿಕತನ ಎಂದು ನಾನು ಚುಡಾಯಿಸಿದೆ. ಹೊಲಿಗೆಯ ದಾರ ಕೊಳ್ಳುವುದಿತ್ತು, ಹಾಗಾಗಿ ನಾನೂ ಅವರ ಜೊತೆ ಪೇಟೆಗೆ ಹೊರಟೆ.

ಅಂಗಡಿಯವರು ಒಬ್ಬ ವಯಸ್ಸಾದ ಮುಸಲ್ಮಾನರು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ನಮ್ಮ ಕನ್ನಡ. ಸರಕಿಗಿಂತ ಬುದ್ಧಿಮಾತು ಹೆಚ್ಚು ಕೊಡುವ ವ್ಯಾಪಾರಿ. ಇವತ್ತು ಸಬ್‌ವೂಫರ್ ಎಂದು ಹುಡುಗರು ನಾಲಿಗೆ ತುದಿಯಲ್ಲಿ ಹೇಳುತ್ತಾರಲ್ಲ, ಆಗ ಅದಕ್ಕೆ ನಮ್ಮಲ್ಲಿ ಹೆಸರೇ ಇರಲಿಲ್ಲ. ದಪ್ಪ ದನಿಯ ಸ್ಪೀಕರು ಎನ್ನುತ್ತಿದ್ದೆವು. ಮೇಜಿನ ಮೇಲೆ ಕೆಲವನ್ನು ಜೋಡಿಸಿಟ್ಟಿದ್ದರು. ಮೂಲೆಯಲ್ಲಿ ನೆಲದ ಮೇಲೆ ಒಂದು ದೈತ್ಯಾಕಾರದ್ದು ಅಂಗಾತ ಬಿದ್ದಿತ್ತು, ರೊಟ್ಟಿ ಬುಟ್ಟಿಯಷ್ಟು ಅಗಲ. ಮದುವೆ ಪೆಂಡಾಲಿನವರು ಹೇಳಿ ತರಿಸಿ ಒಯ್ಯದೆ ಬಿಟ್ಟದ್ದಂತೆ.

"ನೋಡ್ರಿ ಭಾಯ್, ದೊಡ್ಡ ದನಿ ಬ್ಯಾರೆ, ದಿನಾ ಕೇಳೂ ದನಿ ಬ್ಯಾರೆ" ಎಂದರು ಅಂಗಡಿಯವರು. "ದಿನಕ್ಕ ಸಣ್ಣದ ಚಲೋ. ತಲಿ ನೋಯೂದಿಲ್ಲ, ಬ್ಯಾಟ್ರಿ ತಿನ್ನೂದಿಲ್ಲ. ಮೊದಲ ಇದನ್ನ ಕೇಳ್ರಿ."

ಕ್ಯಾಸೆಟ್ ಹಾಕಿದರು. ಸಣ್ಣ ಸ್ಪೀಕರಿನಲ್ಲಿ ಹೆಣ್ಣುದನಿಯ ಹಾಡು ಶುರುವಾಯಿತು. ಸಣ್ಣದಾದರೂ ಗಟ್ಟಿಯಾಗಿಯೇ ಇತ್ತು, ಬೀದಿಯಲ್ಲಿ ಹೋಗುವ ಇಬ್ಬರು ನಿಂತು ಒಳಗೆ ಇಣುಕಿದರು. ಜೊತೆಗೆ ಕೊಳಲು. ನನ್ನ ತಲೆ ತಾನೇ ತೂಗತೊಡಗಿತು. ನಮ್ಮ ಮನೆಯವರು ಎರಡೂ ಕೈ ಕಟ್ಟಿಕೊಂಡು ಅಂಗಡಿಯವರ ಮುಖ ನೋಡುತ್ತ ನಿಂತಿದ್ದರು. ಪಲ್ಲವಿ ಮುಗಿಯಿತು, ನುಡಿ ಬಂತು. ಅವರು ತುಸು ಬೇಸರದಿಂದ ಅಂದರು:

"ಯಾವಾಗ ಹಚ್ಚತೀರಿ ಸಾಹೇಬ್ರ? ಗಾಡಿ ಹೊಂಡೂ ಹೊತ್ತಾತು."

ಅಂಗಡಿಯವರು ಹೊಟ್ಟೆ ಹಿಡಿದು ನಕ್ಕರು. "ಅರೆ ವ್ಹಾ! ಸಣ್ಣದಂದ್ರ ಇವರಿಗೆ ಕೇಳೂದ ಇಲ್ಲಂತ!" ಹಾಸ್ಯ ಮಾಡುತ್ತಿದ್ದಾರೆ ಎಂದೇ ಅವರು ತಿಳಿದರು. ನಮ್ಮವರೂ ಅವರ ನಗು ನೋಡಿ ನಕ್ಕರು. ನಾನು ನಗಲಿಲ್ಲ. ಅದು ಹಾಸ್ಯವಲ್ಲ ಎಂದು ಆ ಮುಖ ಬಲ್ಲ ನನಗೆ ಗೊತ್ತಾಯಿತು. ಕೈಯಲ್ಲಿದ್ದ ದಾರದ ಪೊಟ್ಟಣ ಬೆವರಿನಿಂದ ತೊಯ್ದುಹೋಯಿತು. ಹಾಡು ಇನ್ನೂ ನಡೆದೇ ಇತ್ತು. ಅಲ್ಲಿದ್ದ ಎಲ್ಲರಿಗೂ ಕೇಳುತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಅಂಗಡಿಯವರು ತಂತಿ ಬದಲಿಸಿ ಮೂಲೆಯ ದೈತ್ಯನಿಗೆ ಜೋಡಿಸಿದರು. ನೆಲ ನಡುಗಿತು. ಗಾಜಿನ ಕಪಾಟು ಚಿಟಿಚಿಟಿ ಎಂದಿತು. ನಮ್ಮವರು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ಸ್ಪೀಕರಿನ ಕರಿ ಕಾಗದದ ಮೇಲೆ ಅಂಗೈ ಇಟ್ಟರು. ಜ್ವರದ ಮಗುವಿನ ಎದೆ ಮುಟ್ಟಿ ನೋಡುವ ಹಾಗೆ ಇಟ್ಟರು. ಕಣ್ಣು ಮುಚ್ಚಿದರು. ಅವರ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ.

"ಇದ" ಎಂದರು. "ಇದು ಮಾತಾಡ್ತದ ನೋಡ್ರಿ."

"ಭಾಯ್, ಅದು ಊರ ಮಂದಿಗೆ ಕೇಳ್ಸೂದು, ಗಾಡ್ಯಾಗ ಇಟ್ಟರ ಮೈ ನಡಗತದ" ಎಂದು ಅಂಗಡಿಯವರು ಎಷ್ಟು ಹೇಳಿದರೂ ಅವರು ಕಣ್ಣು ತೆರೆಯಲಿಲ್ಲ. ಕಣ್ಣು ಮುಚ್ಚಿದ್ದರಿಂದ ಆ ಮಾತು ಅವರಿಗೆ ಮುಟ್ಟಿರಲೇ ಇಲ್ಲ.

ಸ್ಪೀಕರಿಗೆ ಮರದ ಪೆಟ್ಟಿಗೆ ಮಾಡಿಸಿ, ಅದಕ್ಕೆ ತಕ್ಕ ಶಕ್ತಿಯ ಆಂಪ್ಲಿಫೈಯರ್ ತರಿಸಿ ಕೊಡಲು ಕೆಲವು ದಿನ ಬೇಕಾಗುತ್ತದೆ ಎಂದರು ಅಂಗಡಿಯವರು. ನಾನು ಮನೆಗೆ ಬಂದು ನೀರು ಕುಡಿದೆ, ಮತ್ತೆ ಕುಡಿದೆ.

ಅಂಜಿಕೆಯವರಿಗೆ ಒಂದು ಚಟ ಇರುತ್ತದೆ. ಅಂಜಿಕೆ ನಿಜವೋ ಸುಳ್ಳೋ ಎಂದು ಮುಟ್ಟಿ ನೋಡುವ ಚಟ. ಮರುದಿನ ಬೆಳಿಗ್ಗೆ ಅವರು ನೆಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ನಾನು ಬೆನ್ನ ಹಿಂದೆ ಹಿಟ್ಟು ನಾದುವ ಹಿತ್ತಾಳೆಯ ಪರಾತ ಕೆಡವಿದೆ. ಅವರು ತಟ್ಟನೆ ತಿರುಗಿದರು. "ಏನು ಬಿತ್ತು?" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಎಲ್ಲ ನನ್ನ ಭ್ರಮೆ ಎಂದುಕೊಂಡು, ದೇವರಿಗೆ ಕೈಮುಗಿದೆ. ಆಮೇಲೆ ಹೊಳೆಯಿತು, ಬಂಡೆಗಲ್ಲಿನ ನೆಲ, ಅವರು ಕೂತದ್ದು ಅದೇ ನೆಲದ ಮೇಲೆ. ಅದುರಿದ್ದು ಮೈಗೆ ತಿಳಿದಿರುತ್ತದೆ.

ಅವರು ಎದ್ದು ಗೋಡೆಯ ಕನ್ನಡಿಯ ಮುಂದೆ ತಲೆ ಬಾಚತೊಡಗಿದರು. ನಾನು ಕನ್ನಡಿಯಲ್ಲಿ ಕಾಣದಂತೆ ಬಾಗಿಲ ಮರೆಯಲ್ಲಿ ನಿಂತು ಗಟ್ಟಿಯಾಗಿ ಅಂದೆ:

"ಏನ್ರೀ, ಮನಿಗೆ ಬೆಂಕಿ ಹತ್ಯಾದ."

ಅವರು ಬೈತಲೆ ಸರಿಮಾಡಿಕೊಂಡರು. ಬಾಚಣಿಗೆಯ ಕೂದಲು ತೆಗೆದು ಸುತ್ತಿ ಕಿಟಕಿಯಿಂದ ಎಸೆದರು. ಮೀಸೆ ತಿರುವಿಕೊಂಡರು. ನಾನು ಮತ್ತೊಮ್ಮೆ ಅಂದೆ. ಅವರು ಕಾರಿನ ಕೀಲಿ ತೆಗೆದುಕೊಂಡು ಹೊರಗೆ ನಡೆದರು. ಮಂದಿ ತುಂಬಿದ ಕಾರನ್ನು ದೇವದುರ್ಗಕ್ಕೆ ಹೊಡೆಯಲು ಹೋದರು. ನಾನು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ. ಅತ್ತೆನೆಂದು ಹೇಳಲಾರೆ. ಅಳು ಬರಲು ಸ್ವಲ್ಪ ಧೈರ್ಯ ಬೇಕು.

ಯಾರಿಗೆ ಹೇಳುವುದು? ಬಾಯಲ್ಲಿಟ್ಟ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೇಳಿದರೆ ನಾಳೆ ಆ ಗಾಡಿಗೆ ಒಂದು ನರಪಿಳ್ಳೆ ಹತ್ತುವುದಿಲ್ಲ. ಅದಕ್ಕಿಂತ ಹೆಚ್ಚಿನದು, ಅವರನ್ನು ಕಿವುಡ ಎಂದು ಓಣಿ ಕರೆಯುತ್ತದೆ. ನಮ್ಮ ಓಣಿಗೆ ಕುಂಟನನ್ನು ಕುಂಟ ಎಂದು, ಮೆಳ್ಳನನ್ನು ಮೆಳ್ಳ ಎಂದು ಕರೆಯುವುದರಲ್ಲಿ ಸಂಕೋಚವೇನೂ ಇಲ್ಲ. ಅವರ ಸ್ವಾಭಿಮಾನ ನನಗೆ ಗೊತ್ತು. ಸುಮ್ಮನಿದ್ದರೆ? ಸುಮ್ಮನಿದ್ದರೆ ಒಂದು ದಿನ ಯಾವುದೋ ಊರಿನ ಮಂದಿ ನಮ್ಮ ಬಾಗಿಲಿಗೆ ಸುದ್ದಿ ತರುತ್ತಾರೆ. ಬೀದಿಯಲ್ಲಿ ಅಪರಿಚಿತರು ನಡೆದು ಬಂದರೆ ನಾನು ಒಳಗೆ ಸೇರಿ ಅಗಳಿ ಹಾಕಿಕೊಳ್ಳುತ್ತಿದ್ದೆ.

ಕೊನೆಗೆ ನಾನು ಒಂದು ನೆಪ ಹುಡುಕಿದೆ. ಹೊಲಿದ ಕುಪ್ಪಸಗಳನ್ನು ದೇವದುರ್ಗದ ಸಂತೆಯಲ್ಲಿ, ಮಾನ್ವಿಯಲ್ಲಿ ಮಾರುತ್ತೇನೆ ಎಂದೆ. "ಬಾ ಮತ್ತ" ಎಂದರು. ನನ್ನ ಗಂಟನ್ನು ಡಿಕ್ಕಿಯಲ್ಲಿ ಇಟ್ಟು ಅವರ ಪಕ್ಕದಲ್ಲೇ ಕೂತೆ. ಹೆಂಡತಿ ಗಂಡನಿಗೆ ಕಾವಲು ಹೊರಟಳು ಎಂದು ಸ್ಟ್ಯಾಂಡಿನ ಮಂದಿ ಕಣ್ಣು ಮಿಟುಕಿಸಿದರು. ಅವರು ನಕ್ಕದ್ದೇನೋ ಸರಿ, ನಾನು ಹೊರಟದ್ದು ಕಾವಲಿಗೇ.

ಆ ಮೊದಲ ದಿನಗಳಲ್ಲಿ ಅವರು ಗಾಡಿ ಹೊಡೆಯುವುದನ್ನು ನೋಡಿ ನಾನು ದಂಗಾದೆ. ಅವರ ಕಣ್ಣು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ, ಮುಂದೆ, ಕನ್ನಡಿ, ಮತ್ತೆ ಮುಂದೆ. ಎಂಜಿನ್ನಿನ ಹದ ಪಾದದಿಂದ ತಿಳಿಯುತ್ತಿತ್ತು. ಯಾರಾದರೂ ತಗಡಿಗೆ ಬಡಿದರೆ ಬಾಗಿಲಿಗೆ ಒತ್ತಿದ ಭುಜಕ್ಕೆ ಗೊತ್ತಾಗುತ್ತಿತ್ತು, ನಿಲ್ಲಿಸುತ್ತಿದ್ದರು. ಹಿಂದಿನಿಂದ ಬರುವ ಹಾರ್ನ್ ಒಂದೇ ಅವರಿಗೆ ತಿಳಿಯದ್ದು. ಆಗ ನಮ್ಮ ಕಡೆಯ ರಸ್ತೆಗಳು ಒಂದೇ ಗಾಡಿ ಹೋಗುವಷ್ಟು ಡಾಂಬರಿನವು. ಹಿಂದಿನವನು ಹಾರ್ನ್ ಹೊಡೆದರೆ ಮುಂದಿನವನು ಎಡಕ್ಕೆ ಮಣ್ಣಿಗೆ ಇಳಿದು ದಾರಿ ಬಿಡಬೇಕು. ಒಂದು ದಿನ ಗಬ್ಬೂರಿನ ಹತ್ತಿರ ಹಿಂದೆ ಬಸ್ಸು ಬಡಕೊಳ್ಳುತ್ತಿತ್ತು. ಇವರು ಮುಂದೆ ಆಡುಗಳನ್ನು ನೋಡುತ್ತಿದ್ದರು. ನಾನು ತಡೆಯಲಾರದೆ ಅವರ ಮೊಣಕಾಲು ಒತ್ತಿದೆ. ಅವರು ಕನ್ನಡಿ ನೋಡಿದರು, ಗಾಡಿಯನ್ನು ಎಡಕ್ಕೆ ಇಳಿಸಿದರು.

ಯಾಕೆ ಮುಟ್ಟಿದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆಮೇಲೆ ಹಾರ್ನ್ ಕೇಳಿದಾಗಲೆಲ್ಲ ನಾನು ಮೊಣಕಾಲು ಒತ್ತುವುದು, ಅವರು ಎಡಕ್ಕೆ ಇಳಿಯುವುದು. ಮನೆಯಲ್ಲಿ ಇದರ ಸುದ್ದಿ ಒಮ್ಮೆಯೂ ಬರಲಿಲ್ಲ. ಅವರಿಗೆ ನನಗೆ ಗೊತ್ತೆಂದು ಗೊತ್ತಿತ್ತು, ನನಗೆ ಅವರಿಗೆ ಗೊತ್ತೆಂದು ಗೊತ್ತಿತ್ತು, ಇಬ್ಬರೂ ರೊಟ್ಟಿ ತಿಂದು ಮಲಗುತ್ತಿದ್ದೆವು. ಹೀಗೇ ದಿನ ದೂಡಬಹುದೆಂದು ನನಗೆ ಅನ್ನಿಸತೊಡಗಿತ್ತು. ಅಷ್ಟರಲ್ಲಿ ಸ್ಪೀಕರು ಬಂತು.

ಡಿಕ್ಕಿಯಲ್ಲಿ ಮರದ ಪೆಟ್ಟಿಗೆ ಕೂತಿತು, ನನ್ನ ಕುಪ್ಪಸದ ಗಂಟು ತೊಡೆಯ ಮೇಲೆ ಬಂತು. ಮೊದಲ ದಿನ ಅವರು ಗುಂಡಿ ತಿರುಗಿಸಿದಾಗ ಇಡೀ ಗಾಡಿ ಮೈ ಕೊಡವಿತು. ಹಾಡಿನ ಮಾತು ಯಾವುದು, ರಾಗ ಯಾವುದು, ಒಂದೂ ತಿಳಿಯದು. ಗುದ್ದು ಮಾತ್ರ. ನನ್ನ ಹೊಟ್ಟೆಯೊಳಗೆ ಯಾರೋ ಒನಕೆ ಹಾಕಿ ಕುಟ್ಟುತ್ತಿದ್ದ ಹಾಗಾಯಿತು. ಬ್ಯಾಟರಿ ಮೀಟರಿನ ಮುಳ್ಳು ಒಂದೊಂದು ಗುದ್ದಿಗೂ ಕುಣಿಯುತ್ತಿತ್ತು. ನಮ್ಮವರು ಸೀಟಿಗೆ ಬೆನ್ನು ಒತ್ತಿ, ಬೆರಳಿನಿಂದ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದರು. ತಾಳ ತಪ್ಪುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರಿಗೆ ಹಾಡು ಸಿಕ್ಕಿತ್ತು. ಅದನ್ನು ನೋಡಿ ನನಗೆ ಮರುಕವೂ ಆಯಿತು, ಅಂಜಿಕೆಯೂ ಆಯಿತು. ಯಾಕೆಂದರೆ ಈಗ ನನಗೂ ಹಾರ್ನ್ ಕೇಳುತ್ತಿರಲಿಲ್ಲ.

ನಮ್ಮ ಗಾಡಿಗೆ ಗುಡುಗಿನ ಗಾಡಿ ಎಂದು ಹೆಸರು ಬಿತ್ತು. ಶಕ್ತಿನಗರದ ಗುತ್ತಿಗೆ ಕೆಲಸದ ಹುಡುಗರು ರಜೆಗೆ ಊರಿಗೆ ಹೋಗುವಾಗ ಬೇರೆ ಗಾಡಿ ಬಿಟ್ಟು ಇದಕ್ಕೇ ಕಾಯುತ್ತಿದ್ದರು. ತಗಡಿಗೆ ಬಡಿದರೆ ಗುದ್ದಿನಲ್ಲಿ ಗುದ್ದು ಕಲೆಸಿಹೋಗಿ ನಮ್ಮವರ ಭುಜಕ್ಕೆ ತಿಳಿಯುತ್ತಿರಲಿಲ್ಲ. ಗಬ್ಬೂರಿನವರು ಗಬ್ಬೂರು ದಾಟಿ ಹೋಗುತ್ತಿದ್ದರು. ಯಾರೂ ಸಿಟ್ಟಾಗುತ್ತಿರಲಿಲ್ಲ. "ಏ ಯಪ್ಪಾ, ಹಾಡಿನ ಹುಚ್ಚಿನಾಗ ನಮ್ಮೂರು ಮರತಿಯಲ್ಲೋ" ಎಂದು ನಗುತ್ತ ಹಿಂದಕ್ಕೆ ನಡೆಯುತ್ತಿದ್ದರು.

ಆಗ ನನಗೆ ಅಂಗಡಿಯಲ್ಲಿನ ಆ ಆಯ್ಕೆ ಪೂರ್ತಿ ಅರ್ಥವಾಯಿತು. ಅವರು ಹಾಡಿಗಾಗಿ ಮಾತ್ರ ಆ ದೈತ್ಯನನ್ನು ಆರಿಸಿರಲಿಲ್ಲ. ಗಾಡಿಯಲ್ಲಿರುವ ಎಲ್ಲರೂ ಕಿವುಡರಾದರೆ ಒಬ್ಬರ ಕಿವುಡು ಯಾರಿಗೂ ಕಾಣುವುದಿಲ್ಲ. ಇದು ತಿಳಿದ ದಿನ ನಾನು ಅನ್ನದ ತಟ್ಟೆ ಸರಿಸಿ ಎದ್ದೆ.

"ಸಣ್ಣಗ ಹಚ್ಚ್ರಿ ಅದನ್ನ" ಎಂದೆ ಒಮ್ಮೆ, ಎದುರು ನಿಂತು.

"ಸಣ್ಣಗ ಹಚ್ಚಿದ್ರ ನನಗ..." ಎಂದವರು ನಿಲ್ಲಿಸಿದರು. ನನ್ನ ಮುಖದಿಂದ ಕಣ್ಣು ತೆಗೆದರು. "ಹಿಂದ ಕುಂತ ಮಂದಿಗೆ ಕೇಳಬೇಕಲ್ಲ" ಎಂದು ಹೊರಗೆ ಹೋದರು. ಕಣ್ಣು ತೆಗೆದರೆ ಅವರ ಮಟ್ಟಿಗೆ ಮಾತು ಮುಗಿದಂತೆ. ಅಂಥವರ ಜೊತೆ ಜಗಳವಾಡುವುದು ಹೇಗೆ?

ಆ ಬೇಸಗೆಯುದ್ದಕ್ಕೂ ನಾನು ಗಾಡಿಯಲ್ಲಿ ಅರ್ಧ ಮೈ ಹಿಂದಕ್ಕೆ ತಿರುಗಿಸಿ ಕೂತೆ. ಕಿವಿ ಕೆಲಸಕ್ಕೆ ಬಾರದ ಮೇಲೆ ಕಣ್ಣಾದರೂ ಇರಲಿ ಎಂದು. ಹಿಂದಿನ ಗಾಜಿನ ತುಂಬ ಮಂದಿಯ ತಲೆ, ಗಂಟುಮೂಟೆ. ಕನ್ನಡಿಯನ್ನು ನೋಡಿದರೆ ಅದೂ ಗುದ್ದಿಗೆ ನಡುಗಿ ಅದರೊಳಗಿನ ರಸ್ತೆ ಕಲಸಿದ ಹಿಟ್ಟಿನ ಹಾಗೆ ಕಾಣುತ್ತಿತ್ತು. ಅವರ ಪಾಲಿನ ಕಿವಿ ಎಂದರೆ ಆ ಕನ್ನಡಿಯೇ. ತಾವೇ ತಂದಿಟ್ಟ ಸ್ಪೀಕರು ಅದನ್ನೂ ಕೆಡಿಸಿತ್ತು, ಅದು ಅವರಿಗೆ ತಿಳಿದಿತ್ತೋ ಇಲ್ಲವೋ. ದಿನಾ ಮನೆ ಮುಟ್ಟಿದಾಗ ನನ್ನ ಕತ್ತು ಕಟ್ಟಿಗೆಯಾಗಿರುತ್ತಿತ್ತು. ಮತ್ತೆ ಬೆಳಗಾದರೆ ಅದೇ ಸೀಟು.

ಅದು ಆದದ್ದು ಸುಗ್ಗಿಯಲ್ಲಿ, ಮಾನ್ವಿಯಿಂದ ರಾಯಚೂರಿಗೆ ತಿರುಗಿ ಬರುವಾಗ, ಇಳಿಹೊತ್ತಿಗೆ. ನೀರಾವರಿ ಊರುಗಳ ಭತ್ತವೆಲ್ಲ ರಾಯಚೂರಿನ ಅಕ್ಕಿ ಗಿರಣಿಗಳಿಗೆ ಹೋಗುವ ಕಾಲ. ರಸ್ತೆಯ ಮೇಲೆ ಭತ್ತದ ಲಾರಿಗಳು. ನಮ್ಮ ಗಾಡಿಯಲ್ಲಿ ಕಲ್ಲೂರಿಗೆ ಹೋಗುವ ಒಬ್ಬ ಮುದುಕ ರೈತ, ಹಾಲುಗೂಸನ್ನು ಎತ್ತಿಕೊಂಡ ಒಬ್ಬ ಬಾಣಂತಿ, ಆಕೆಯ ತಾಯಿ, ಟ್ರ್ಯಾಕ್ಟರ್ ಹೊಡೆಯುವ ಒಬ್ಬ ತರುಣ, ಇನ್ನೂ ಕೆಲವರು. ಹಾಡು ಗುದ್ದುತ್ತಿತ್ತು. ಆ ಗದ್ದಲದಲ್ಲೂ ಕೂಸು ನಿದ್ದೆ ಮಾಡುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ.

ರಸ್ತೆ ಕಾಲುವೆಯ ಪಕ್ಕಕ್ಕೆ ಬಂತು. ಎಡಗಡೆ ಡಾಂಬರು ಕಿತ್ತು ದೊಡ್ಡ ಗುಂಡಿ ಬಿದ್ದಿತ್ತು. ಅದನ್ನು ತಪ್ಪಿಸಲು ಅವರು ಬಲಕ್ಕೆ ತಿರುಗಿಸಿದರು. ಆಗ ಕಾಲುವೆಯ ಏರಿಯ ಮೇಲೆ ನಿಂತಿದ್ದ ಒಬ್ಬ ಕುರಿಯವನು ಎರಡೂ ಕೈ ಎತ್ತಿ ನಮ್ಮ ಕಡೆ ಬೀಸತೊಡಗಿದ. ಬಾಯಿ ಅಗಲವಾಗಿ ತೆರೆದಿದ್ದ. ಒದರುತ್ತಿದ್ದ. ಒಂದು ಚೂರು ದನಿ ಕೇಳಲಿಲ್ಲ. ಮನುಷ್ಯನೊಬ್ಬ ಪ್ರಾಣ ಹೋಗುವವನಂತೆ ಕೂಗುತ್ತಿದ್ದಾನೆ, ನಮಗೆ ಮುಟ್ಟುತ್ತಿರುವುದು ಬರೀ ತುಟಿ. ಆ ಗಳಿಗೆ ನನ್ನ ಗಂಡ ವರ್ಷಗಟ್ಟಲೆ ಎಂಥ ಜಾಗದಲ್ಲಿ ಒಬ್ಬಂಟಿ ಕೂತಿದ್ದಾರೆ ಎಂದು ನನಗೆ ತಿಳಿಯಿತು. ಅಂಥ ಭಯ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ನಾನು ಅವರ ಮೊಣಕಾಲನ್ನು ಉಗುರು ನೆಡುವಂತೆ ಹಿಡಿದೆ. ಅವರು ಯೋಚಿಸಲಿಲ್ಲ, ರೂಢಿಯ ಪ್ರಕಾರ ಎಡಕ್ಕೆ ಎಳೆದರು. ಬಲಗಡೆ ಕಿಟಕಿಯ ತುಂಬ ಹಿಂದಿನಿಂದ ನುಗ್ಗಿದ ಲಾರಿಯ ಚಕ್ರ ಕಂಡಿತು. ತಗಡು ಹರಿಯಿತು. ಗಾಡಿ ಗುಂಡಿಗೆ ಬಿದ್ದು, ಎದ್ದು, ಇಳಿಜಾರಿಗೆ ಜಾರಿ ಕಾಲುವೆಯ ಕೆಸರಿನಲ್ಲಿ ಮೂಗು ಹೂತು ನಿಂತಿತು. ಇನ್ನೊಂದು ಮಾರು ಹೋಗಿದ್ದರೆ ತುಂಬಿದ ನೀರು.

ಲಾರಿ ನಿಲ್ಲದೆ ಹೋಗಿತ್ತು. ಹೇಗೋ ಎಲ್ಲರೂ ಹೊರಗೆ ಬಿದ್ದೆವು. ಮುದುಕನ ಹಣೆ ಒಡೆದಿತ್ತು. ಬಾಣಂತಿ ಕೂಸನ್ನು ಬೋರಲು ಹಾಕಿ ಬೆನ್ನು ತಟ್ಟುತ್ತಿದ್ದಳು, ಅದು ಅಳುತ್ತಿರಲಿಲ್ಲ. ಡಿಕ್ಕಿಯೊಳಗೆ ಹಾಡು ಮಾತ್ರ ಏನೂ ಆಗದಂತೆ ಗುದ್ದುತ್ತಲೇ ಇತ್ತು. ಟ್ರ್ಯಾಕ್ಟರಿನ ತರುಣ ಕಿಟಕಿಯಿಂದ ಕೈಹಾಕಿ ಅದನ್ನು ಆರಿಸಿದ. ಆ ನಿಶ್ಶಬ್ದದೊಳಗೆ ಕೂಸು ಕಿರ್ ಎಂದಿತು. ನಾವೆಲ್ಲರೂ ಅಳತೊಡಗಿದೆವು.

ನಮ್ಮವರು ಮುಂದಿನ ಗಾಲಿಯ ಹತ್ತಿರ ಬಾಗಿ, ನಮಗೆ ಬೆನ್ನು ಹಾಕಿ, ಸಿಕ್ಕಿಕೊಂಡ ಆಪು ಹುಲ್ಲು ಕಿತ್ತು ತೆಗೆಯುತ್ತಿದ್ದರು. ಮುದುಕ ಹಣೆಗೆ ರುಮಾಲು ಒತ್ತಿಕೊಂಡು ಕೇಳಿದ:

"ಲಾರಿಯಾಂವ ಹಾರ್ನ್ ಹೊಡದಿರಬೇಕಲ್ಲ, ಕೇಳ್ಲಿಲ್ಲೇನಪಾ?"

ಅವರು ಇನ್ನೊಂದು ಎಳೆ ಕಿತ್ತರು.

"ನಿನಗ ಅನ್ನಾಕತ್ತೀನಿ. ಸೊಕ್ಕೇನು?"

ಅವರು ಆಪು ಕೀಳುತ್ತಲೇ ಇದ್ದರು. ತರುಣ ನಡುವೆ ಬಂದ. "ಬಿಡ್ರಿ ಮುತ್ಯಾ, ಆಂವ ಏನ್ ಮಾಡ್ಯಾನು? ಆ ಡಬ್ಬಿ ಗದ್ಲದಾಗ ಯಾರಿಗೆ ಕೇಳ್ತದ? ನಮಗ ಕೇಳ್ತೇನು? ಡಬ್ಬಿ ಕಿತ್ತಿ ಒಗದ್ರ ನಾಳಿಂದ ಎಲ್ಲಾ ಬರೋಬ್ಬರಿ ಆಗ್ತದ."

"ಹೌದು, ಡಬ್ಬಿದ ತಪ್ಪದ" ಎಂದಳು ಬಾಣಂತಿಯ ತಾಯಿ. ಮುದುಕನೂ ತಲೆ ಆಡಿಸಿದ. ಎಲ್ಲರ ಸಿಟ್ಟೂ ಡಿಕ್ಕಿಯ ಕಡೆ ತಿರುಗಿತು.

ನಾನು ಸುಮ್ಮನಿದ್ದರೆ ಸಾಕಿತ್ತು. ಡಬ್ಬಿ ಹೋಗುತ್ತಿತ್ತು, ಗಾಡಿ ಉಳಿಯುತ್ತಿತ್ತು. ನಾಳೆ ಬೆಳಿಗ್ಗೆ ಅವರು ತಲೆ ಬಾಚಿಕೊಂಡು, ಕೀಲಿ ತೆಗೆದುಕೊಂಡು, ಇನ್ನೊಂದು ಕೂಸನ್ನು ಕೂರಿಸಿಕೊಂಡು ಹೊರಡುತ್ತಿದ್ದರು. ಕಂಡದ್ದು ಆಡಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಆಡದಿದ್ದರೆ ಏನು ಎಂದು ಯಾವ ಗಾದೆಯೂ ಹೇಳಿಲ್ಲ.

"ಡಬ್ಬಿದೇನೂ ತಪ್ಪಿಲ್ರೀ" ಎಂದೆ. "ಅವರಿಗೆ ಕಿವಿ ಕೇಳೂದಿಲ್ಲ."

ನಮ್ಮವರು ನಮಗೆ ಬೆನ್ನು ಹಾಕಿಯೇ ಆಪಿನ ಕೊನೆಯ ಎಳೆ ಕಿತ್ತರು. ಕೆಸರಿನ ಕೈಯನ್ನು ಕಾಲುವೆಯ ನೀರಿನಲ್ಲಿ ತೊಳೆದುಕೊಂಡರು, ಧೋತರಕ್ಕೆ ಒರೆಸಿಕೊಂಡರು. ಆಮೇಲೆ ತಿರುಗಿ ನೋಡಿದರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ. ಒಬ್ಬೊಬ್ಬರ ಮುಖದ ಮೇಲೂ ಅವರ ಕಣ್ಣು ಹಾದುಬಂದು ನನ್ನ ಮೇಲೆ ನಿಂತಿತು.

"ಏನಂದಿ?" ಎಂದರು.

ಬೆನ್ನಿಗೆ ಹೇಳುವುದು ಸುಲಭವಾಗಿತ್ತು. ಈಗ ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಮದುವೆಯಾದ ದಿನದಿಂದ ನೋಡಿದ ಹಾಗೆಯೇ, ಕಣ್ಣು ಕೀಳದೆ. ನಾನು ಅದೇ ಮಾತನ್ನು ಮತ್ತೊಮ್ಮೆ, ನಿಧಾನವಾಗಿ, ಒಂದೊಂದೇ ಅಕ್ಷರ ಕಾಣುವ ಹಾಗೆ ಹೇಳಿದೆ. ಈ ಸಲ ದನಿ ತೆಗೆಯಲಿಲ್ಲ. ಬೇಕಾಗಿರಲಿಲ್ಲ.

ಕೊನೆಯ ಅಕ್ಷರದವರೆಗೂ ಅವರು ನೋಡಿದರು. ಆಮೇಲೆ ಗಾಡಿಯಿಂದ ಕೀಲಿ ಕಿತ್ತು ಟ್ರ್ಯಾಕ್ಟರಿನ ತರುಣನ ಕೈಗೆ ಕೊಟ್ಟರು. ಎಲ್ಲರೂ ಸೇರಿ ಗಾಡಿಯನ್ನು ರಸ್ತೆಗೆ ಎಳೆದಾಗ ಅವರು ಹಿಂದಿನ ಸೀಟಿನಲ್ಲಿ ಬಾಣಂತಿಯ ಪಕ್ಕ ಕೂತರು. ತರುಣ ಗಾಡಿ ಹೊಡೆದ, ನಾನು ಮುಂದೆ ಕೂತೆ. ರಾಯಚೂರು ಬರುವವರೆಗೆ ನಾನು ಹಿಂದೆ ತಿರುಗಲಿಲ್ಲ. ಅವರು ನನ್ನ ಬಾಯಿ ನೋಡುತ್ತಾರೆ ಎಂದು ಅಂಜಿಕೆಯಾಗಿತ್ತು.